ಪುಣೆಯ ನಮ್ಮ ಕಂಪನಿ ಕ್ಲೌಡ್ ಜೊತೆ ನೇರ ಪೀರಿಂಗ್ (ಎರಡು ನೆಟ್‌ವರ್ಕ್‌ಗಳ ನೇರ ಜೋಡಣೆ) ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಆದರೆ ಆಫೀಸಿನಿಂದ ಸುಮ್ನೆ ಒಂದು ಕೇಬಲ್ ಎಳೆದರೆ ಆಗುವುದಿಲ್ಲ. ನಿಮ್ಮ ರೂಟರ್, ಕ್ಲೌಡ್ ಕಂಪನಿಯ ರೂಟರ್ ಎರಡೂ ಒಂದು ಡೇಟಾ ಸೆಂಟರಿನಲ್ಲೋ ಇಂಟರ್ನೆಟ್ ಎಕ್ಸ್‌ಚೇಂಜಿನಲ್ಲೋ (ಹಲವು ನೆಟ್‌ವರ್ಕ್‌ಗಳು ಕೂಡುವ ಜಾಗ) ಸಂಧಿಸಬೇಕು. ನಿಮಗೆ ಹತ್ತಿರದ್ದು ಮುಂಬೈ. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಊರು, ದೊಡ್ಡ ನೆಟ್‌ವರ್ಕ್‌ಗಳು ಅಲ್ಲಿವೆ.

ಪೀರಿಂಗ್ ಅಂದರೆ ಎರಡು ರೂಟರ್‌ಗಳು ಬಿಜಿಪಿ ಎಂಬ ಭಾಷೆಯಲ್ಲಿ ‘ಈ ವಿಳಾಸಗಳು ನನ್ನಲ್ಲಿವೆ, ಇತ್ತ ಕಳಿಸು’ ಎಂದು ಹೇಳಿಕೊಳ್ಳುವುದು. ನಡುವೆ ಮೂರನೆಯವರಿಲ್ಲ. ಹಾಗೆ ಹೇಳಲು ಸ್ವಂತ ಗುರುತು ಬೇಕಲ್ವಾ? ಅದೇ ಎಎಸ್ ನಂಬರ್. ಜೊತೆಗೆ ಕನಿಷ್ಠ 256 ಐಪಿ ವಿಳಾಸಗಳ ಬ್ಲಾಕ್. ಎರಡಕ್ಕೂ ಭಾರತದಲ್ಲಿ ಇವನ್ನು ಹಂಚುವ ಸಂಸ್ಥೆಯಾದ ಐಆರ್‌ಐಎನ್‌ಎನ್‌ಗೆ ಅರ್ಜಿ ಹಾಕಬಹುದು. ಗೂಗಲ್‌ನಂಥವರು ಹಗಲೂ ರಾತ್ರಿ ಫೋನ್ ಎತ್ತುವ ತಂಡವನ್ನೂ ಕೇಳುತ್ತಾರೆ.

ಆಮೇಲಿನ ನಿರ್ವಹಣೆಯಲ್ಲಿ ಆರ್‌ಓಎ ಮೇಲೆ ಜಾಸ್ತಿ ಕಣ್ಣಿಡಿ. ಈ ವಿಳಾಸಗಳು ತನ್ನಲ್ಲಿವೆ ಎಂದು ಯಾವ ಎಎಸ್ ನಂಬರಿನ ನೆಟ್‌ವರ್ಕ್ ಸಾರಬಹುದು ಎಂದು ಹೇಳುವ ಸಹಿ ಮಾಡಿದ ದಾಖಲೆ ಅದು. ಒಮ್ಮೆ ನವಿ ಮುಂಬೈನ ಐರೋಲಿಯ ಡೇಟಾ ಸೆಂಟರಿನಲ್ಲಿ ರ‍್ಯಾಕ್ ಮುಂದೆ ನಿಂತು ಹಳದಿ ಫೈಬರನ್ನು ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿ ಎರಡು ಗಂಟೆ ಕಳೆದೆ. ಲಿಂಕ್ ದೀಪ ಹಸಿರಾಗೇ ಇತ್ತು. ಕೊನೆಗೆ ನೋಡಿದರೆ ಆರ್‌ಓಎಯಲ್ಲಿ ಹಳೇ ಎಎಸ್ ನಂಬರ್! ಆ ಕಡೆಯವರು ನಮ್ಮ ದಾರಿಯನ್ನೇ ತಿರಸ್ಕರಿಸಿದ್ದರು.

ಪೀರಿಂಗ್‌ನಲ್ಲಿ ಸಿಗುವುದು ಕ್ಲೌಡಿನ ಸಾರ್ವಜನಿಕ ವಿಳಾಸಗಳು ಮಾತ್ರ. ಒಳಗಿನ ಖಾಸಗಿ ಸರ್ವರ್‌ಗಳಿಗೆ ಹಣ ಕೊಟ್ಟು ಪಡೆಯುವ ಪ್ರತ್ಯೇಕ ಲಿಂಕ್ ಬೇಕು. ಸಣ್ಣ ಕಂಪನಿಯಾದರೆ ನನ್ನ ಸಲಹೆ ಇಷ್ಟೇ: ಮುಂಬೈನಲ್ಲಿ ಕ್ಲೌಡ್ ಜೊತೆ ಆಗಲೇ ಪೀರಿಂಗ್ ಇರುವ ಐಎಸ್‌ಪಿಯಿಂದ (ಇಂಟರ್ನೆಟ್ ಕೊಡುವ ಕಂಪನಿಯಿಂದ) ಲೈನ್ ತಗೊಳ್ಳಿ.