ಬಾಲ ಬಡಿಯುವ ಮೀನು, ಹಾರದ ಕಪ್ಪೆ

ಅಣ್ಣಾ, ವಿಡಿಯೋ ಎರಡೂ ನೋಡಿದೆ. ಮಗ ಮಾಡಿದ ರೋಬೋಟ್ ಮೀನು ಶಿರಸಿಯ ನಿಮ್ಮ ತೋಟದ ಕೆರೆಯಲ್ಲಿ ಜೋರಾಗಿ ಬಾಲ ಬಡಿಯುತ್ತದೆ, ಆದರೆ ನಿಂತಲ್ಲೇ ತಲೆ ಅಲ್ಲಾಡಿಸುತ್ತದೆ. ರೋಬೋಟ್ ಕಪ್ಪೆಯಂತೂ ನೆಲ ಬಿಟ್ಟೇ ಏಳುತ್ತಿಲ್ಲ. ಮೋಟಾರ್ ದೊಡ್ಡದು ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ದಂಡ.

ಬಾಲಕ್ಕೆ ಹಾಕಿದ್ದು ಗಟ್ಟಿ ಅಕ್ರಿಲಿಕ್ ತುಂಡು ಅಲ್ವಾ? ಅದು ನೀರನ್ನು ಎಡಕ್ಕೆ ಬಲಕ್ಕೆ ತಳ್ಳುತ್ತದೆ, ಹಿಂದಕ್ಕೆ ತಳ್ಳುವುದು ಕಡಿಮೆ. ಒಂದು ಬಂಗಡೆ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. (ನಿಮ್ಮ ಮನೆಯೊಳಗೆ ಮೀನು ಬಿಡುವುದಿಲ್ಲ ಅಂದ್ರೆ ಕಾರವಾರಕ್ಕೇ ಬನ್ನಿ, ನಾನೇ ತೋರಿಸುತ್ತೇನೆ.) ತಲೆಯ ಕಡೆ ಬಾಗುವುದೇ ಇಲ್ಲ. ಬಳುಕುವುದೆಲ್ಲ ಹಿಂಭಾಗದಲ್ಲಿ. ಬಾಲದ ಬುಡ ತೀರಾ ಸಪೂರ, ಆಮೇಲೆ ಕವಲು ಬಾಲ. ಸರ್ವೋದ (ಹೇಳಿದಷ್ಟೇ ತಿರುಗುವ ಸಣ್ಣ ಮೋಟಾರ್) ಕೈಗೆ ಹಳೇ ಎಕ್ಸ್‌ರೇ ಫಿಲ್ಮ್ ಎರಡು ಪದರ ಕಟ್ಟಿ, ತುದಿಗೆ ಒಂದೇ ಪದರ ಬಿಡಿ. ಬುಡ ತಿರುಗಿದ ಮೇಲೆ ತುದಿ ತಡವಾಗಿ ಹಿಂಬಾಲಿಸಬೇಕು. ಆ ತಡದಲ್ಲೇ ನೀರು ಹಿಂದಕ್ಕೆ ಹೋಗುವುದು.

ಬೀಸೂ ಜಾಸ್ತಿಯಾಗಿದೆ. ಮೀನುಗಳ ಬಾಲ ಸುಮಾರಾಗಿ ಮೈ ಉದ್ದದ ಐದನೇ ಒಂದು ಭಾಗದಷ್ಟು ಬೀಸುತ್ತದೆ. 30 ಸೆಂ.ಮೀ. ಮೀನಿಗೆ ಆಚೆಯಿಂದ ಈಚೆಗೆ 6 ಸೆಂ.ಮೀ. ಸಾಕು. ಬ್ಯಾಟರಿ ಮುಂದಕ್ಕೆ ತನ್ನಿ, ತಲೆ ಅಲ್ಲಾಡುವುದು ಕಡಿಮೆಯಾಗುತ್ತದೆ. ಹೊಟ್ಟೆಯಡಿ ಬಲೆಯ ಸೀಸದ ಗುಂಡು ಕಟ್ಟಿ, ಮಗುಚುವುದಿಲ್ಲ.

ರಿಮೋಟಿನ ಆಂಟೆನಾ ನೀರಿನ ಮೇಲೇ ಇರಲಿ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನೊಳಗೆ ಹೋಗುವುದೇ ಇಲ್ಲ ಅನ್ನಬಹುದು. ನನ್ನ ಮೊದಲ ಮೀನನ್ನು ಕೋಡಿಬಾಗದ ಹತ್ತಿರ ಕಾಳಿ ನದಿಯಲ್ಲಿ ಬಿಟ್ಟಿದ್ದೆ. ಒಂದು ಗೇಣು ಮುಳುಗಿದ್ದೇ ಸಂಪರ್ಕ ಹೋಯಿತು. ದೋಣಿಯವರು ಎತ್ತಿಕೊಟ್ಟರು, ಸಿಹಿನೀರಲ್ಲಿ ತೊಳೆಯಲು ಮರೆತೆ, ಮರುದಿನ ಸರ್ವೋ ಉಪ್ಪಿಗೆ ಹಿಡಿದುಕೊಂಡಿತ್ತು.

ಇನ್ನು ಕಪ್ಪೆ. ಸರ್ವೋ ನೇರವಾಗಿ ಕಾಲು ಬಿಡಿಸಿದರೆ ಹಾರುವಷ್ಟು ವೇಗ ಸಿಗುವುದಿಲ್ಲ. ಮಿಡತೆ ಕಾಲು ಮಡಚಿ, ಮೊದಲು ಬಿಗಿ ಮಾಡಿಕೊಂಡು, ಕ್ಯಾಟರ್‌ಬಿಲ್ಲಿನ ಹಾಗೆ ಒಮ್ಮೆಲೇ ಬಿಡುತ್ತದೆ. ನೀವೂ ಸಣ್ಣ ಗೇರ್ ಮೋಟಾರಿಗೆ ಅರ್ಧ ಸುತ್ತಿನ ಹಲ್ಲು ಕತ್ತರಿಸಿದ ಚಕ್ರ ಹಾಕಿ. ಹಲ್ಲಿರುವವರೆಗೆ ರಬ್ಬರ್ ಎಳೆಯುತ್ತದೆ, ಹಲ್ಲು ಮುಗಿದಾಗ ಕಾಲು ಚಿಮ್ಮುತ್ತದೆ. ಪ್ರಾಣಿಯ ಸ್ನಾಯು ಒಂದು ಜಿಗಿತಕ್ಕೆ ಒಂದೇ ಸಲ ಎಳೆಯಬಲ್ಲದು. ಮೋಟಾರ್ ಸುತ್ತಿ ಸುತ್ತಿ ರಬ್ಬರನ್ನು ಬಿಗಿ ಮಾಡುತ್ತಲೇ ಇರಬಹುದು. ಇದನ್ನೇ ಹಿಡಿದುಕೊಂಡು ಕ್ಯಾಲಿಫೋರ್ನಿಯಾದವರು 2022ರಲ್ಲಿ 30 ಗ್ರಾಂ ತೂಕದ ರೋಬೋಟನ್ನು 30 ಮೀಟರಿಗೂ ಎತ್ತರ ಹಾರಿಸಿದರು. ಹಾಗಾಗಿ ಕಪ್ಪೆಯನ್ನು ಪೂರ್ತಿ ನಕಲು ಮಾಡುವ ಹಠ ಬೇಡ.

ರಬ್ಬರಿಗೆ ಸೈಕಲ್ ಟ್ಯೂಬ್ ಪಟ್ಟಿ ಸಾಕು. ಕಣ್ಣಿಗೆ ಬಡಿಯದಂತೆ ಮಗನಿಗೆ ಕನ್ನಡಕ ಹಾಕಿಸಿ. ನನಗೆ ಹುಬ್ಬಿಗೆ ಬಡಿದಿತ್ತು.