ಜರ್ಮನ್ ನೌಕಾಪಡೆಯ ಬ್ಯಾಡ್ಜ್ ಕೊಳ್ಳುವ ಮೊದಲು ಅದರ ಬೆನ್ನು ನೋಡಿ

ನಿಮ್ಮ ಪ್ರಶ್ನೆ ಇದು: ಎರಡನೇ ಮಹಾಯುದ್ಧದ ಜರ್ಮನ್ ಯು-ಬೋಟ್ (ಜಲಾಂತರ್ಗಾಮಿ) ಬ್ಯಾಡ್ಜ್ ಒಂದು ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ, ಚಿನ್ನದ ಹಾಗೆ ಹೊಳೆಯುತ್ತಿದೆ, ಕೊಳ್ಳಬಹುದಾ? ಇಂಥವನ್ನು ಕೂಡಿಡಲು ಎಲ್ಲಿಂದ ಶುರು ಮಾಡಬೇಕು?

ಸದ್ಯಕ್ಕೆ ಕೊಳ್ಳಬೇಡಿ. ಮಾರುವವರು ಮುಂಬದಿಯ ಫೋಟೋ ಮಾತ್ರ ಹಾಕಿದ್ದಾರೆ ಎಂದಿದ್ದೀರಿ. ಹಿಂಬದಿಯ ಫೋಟೋ ಕೇಳಿ. ಪಿನ್ನು, ಅದರ ಕೀಲು, ಕೊಕ್ಕೆ ಮೂರೂ ಹತ್ತಿರದಿಂದ ಕಾಣಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ನಕಲು ಮಾಡುವವರು ಮುಂಬದಿಯ ಹದ್ದು, ಎಲೆಗಳ ಹಾರ, ಹಡಗನ್ನು ಚೆನ್ನಾಗಿಯೇ ಮಾಡುತ್ತಾರೆ. ಹಿಂಬದಿಯಲ್ಲಿ ಸಿಕ್ಕಿಬೀಳುವುದು ಜಾಸ್ತಿ.

ಹೊಳಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಮೋಸಹೋಗುವುದು ಇಲ್ಲೇ. ಯು-ಬೋಟ್ ಬ್ಯಾಡ್ಜ್ ಜಾರಿಗೆ ಬಂದದ್ದು 1939ರ ಅಕ್ಟೋಬರ್ 13ರಂದು. ಸಾಮಾನ್ಯವಾಗಿ ಎರಡು ಸಮುದ್ರ ಕಾರ್ಯಾಚರಣೆ ಮುಗಿಸಿದ ನಾವಿಕನಿಗೆ ಕೊಡುತ್ತಿದ್ದರು. ಮೊದಲ ವರ್ಷಗಳಲ್ಲಿ ಇದನ್ನು ಟೊಂಬಾಕ್ ಎಂಬ ಲೋಹದಲ್ಲಿ ಅಚ್ಚು ಹೊಡೆದು ಚಿನ್ನದ ಲೇಪ ಕೊಡುತ್ತಿದ್ದರು. ಟೊಂಬಾಕ್ ಅಂದರೆ ತಾಮ್ರ ಜಾಸ್ತಿ ಇರುವ ಒಂದು ಬಗೆಯ ಹಿತ್ತಾಳೆ. ಅದರ ಮೇಲಿನ ಲೇಪ ಇವತ್ತಿಗೂ ಚೆನ್ನಾಗಿ ಉಳಿದಿರುತ್ತದೆ. ಯುದ್ಧ ಬೆಳೆದಂತೆ ತಾಮ್ರವೆಲ್ಲ ಮದ್ದುಗುಂಡಿನ ಕಾರ್ಖಾನೆಗಳಿಗೆ ಬೇಕಾಯಿತು. ಬ್ಯಾಡ್ಜ್‌ಗಳಿಗೆ ಸತು ಬಂತು. ಸತುವಿನ ಮೇಲೆ ತೆಳ್ಳನೆಯ ಹೊನ್ನಿನ ಬಣ್ಣ ನಿಲ್ಲುವುದಿಲ್ಲ. ಹಾಗಾಗಿ ಯುದ್ಧದ ಕೊನೆಯ ವರ್ಷಗಳ ಅಸಲಿ ಬ್ಯಾಡ್ಜ್‌ಗಳು ಬಹಳಷ್ಟು ಇಂದು ಬೂದು ಬಣ್ಣಕ್ಕೆ ತಿರುಗಿವೆ. ನೋಡಲು ಬಡವಾಗಿ ಕಾಣುತ್ತವೆ, ಆದರೆ ನನಗೆ ಅವೇ ಹೆಚ್ಚು ಇಷ್ಟ. ಒಂದು ದೇಶದ ಗೋದಾಮು ಖಾಲಿಯಾಗುತ್ತಾ ಹೋದದ್ದು ಅಂಗೈಯಲ್ಲೇ ಕಾಣುತ್ತದೆ. ನೀವು ನೋಡಬೇಕಾದದ್ದು ಲೋಹಕ್ಕೂ ಹೊಳಪಿಗೂ ಹೊಂದುತ್ತದೆಯಾ ಎಂದು. ಸತುವಿನ ಬ್ಯಾಡ್ಜ್ ನಿನ್ನೆ ಮಾಡಿದ ಹಾಗೆ ಥಳಥಳ ಹೊಳೆದರೆ ಅನುಮಾನ ಪಡಲೇಬೇಕು.

ಇನ್ನೊಂದು, ಅಸಲಿ ಬ್ಯಾಡ್ಜ್‌ಗಳ ಗೆರೆಗಳು ಚೂಪಾಗಿರುತ್ತವೆ. ಅಸಲಿಯಿಂದಲೇ ಅಚ್ಚು ತೆಗೆದು ಲೋಹ ಸುರಿದು ಮಾಡಿದ ನಕಲಿನಲ್ಲಿ ಗೆರೆಗಳು ಮೆತ್ತಗಾಗುತ್ತವೆ, ಭೂತಗನ್ನಡಿಯಲ್ಲಿ ನೋಡಿದರೆ ಗಾಳಿಗುಳ್ಳೆಗಳ ಸಣ್ಣ ಗುಳಿಗಳು ಕಾಣುತ್ತವೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಹಾಗಾಗಿ ಸಣ್ಣ ಅಳತೆ ನಿಖರವಾಗಿ ತೋರಿಸುವ ಒಂದು ಡಿಜಿಟಲ್ ಕ್ಯಾಲಿಪರ್ ಕೊಂಡಿಟ್ಟುಕೊಳ್ಳಿ. ತಯಾರಕರ ಗುರುತನ್ನು ಮಾತ್ರ ನಂಬಿ ಕೂರಬೇಡಿ. ಬರ್ಲಿನ್ನಿನ ಷ್ವೆರಿನ್, ಸ್ಟುಟ್‌ಗಾರ್ಟ್‌ನ ಫ್ರಾಂಕ್ ಉಂಟ್ ರೈಫ್ ಹೆಸರುಗಳು ಒಳ್ಳೆಯವೇ, ಆದರೆ ಹೆಸರನ್ನೂ ನಕಲು ಮಾಡುತ್ತಾರೆ. ವಿಯೆನ್ನಾದ ರುಡಾಲ್ಫ್ ಸೂವಾಲ್ ಕಂಪನಿಯದು ಇನ್ನೂ ಕಷ್ಟ. ಯುದ್ಧಕಾಲದಲ್ಲಿ ಪದಕ, ಬ್ಯಾಡ್ಜ್ ತಯಾರಿಸಿದ ಆ ಕಂಪನಿ ಯುದ್ಧ ಮುಗಿದ ಮೇಲೂ ತಯಾರಿಸುತ್ತಲೇ ಇತ್ತು. ಹೆಸರು ಅಸಲಿ, ಕಾಲ ಮಾತ್ರ ಬೇರೆ! ಆ ಗುರುತಿನದನ್ನು ಹೊಸಬರು ಮುಟ್ಟದಿರುವುದೇ ಒಳ್ಳೆಯದು.

ಇನ್ನು ಎಲ್ಲಿಂದ ಶುರು ಮಾಡುವುದು? ಯು-ಬೋಟ್ ಬ್ಯಾಡ್ಜ್‌ನಿಂದ ಬೇಡ. ಎಲ್ಲರಿಗೂ ಅದೇ ಬೇಕು, ಹಾಗಾಗಿ ನಕಲೂ ಅದರದ್ದೇ ರಾಶಿ. ಮೈನ್‌ಸ್ವೀಪರ್ ಬ್ಯಾಡ್ಜ್ ನೋಡಿ. 1940ರ ಆಗಸ್ಟ್ 31ರಂದು ಶುರುವಾದದ್ದು. ನೆಲಬಾಂಬಿನಂತೆ ನೀರಲ್ಲಿ ಸಿಡಿಯುವ ಮೈನ್‌ಗಳನ್ನು ತೆಗೆಯುವ ಹಡಗಿನವರಿಗೆ, ಜಲಾಂತರ್ಗಾಮಿ ಬೇಟೆಯ ದೋಣಿಗಳವರಿಗೆ, ಬೆಂಗಾವಲು ಹಡಗಿನವರಿಗೆ ಕೊಟ್ಟದ್ದು. ಸಿಡಿದು ಮೇಲೇಳುವ ನೀರಿನ ಕಂಬವೇ ಅದರ ಚಿತ್ರ. ಇದು ತುಂಬಾ ಜನರಿಗೆ ಸಿಕ್ಕಿದ್ದರಿಂದ ಬೆಲೆ ಕೈಗೆಟುಕುತ್ತದೆ. ಇನ್ನೂ ಕಡಿಮೆಯಲ್ಲಿ ಬೇಕೆಂದರೆ ನಾವಿಕರ ತೋಳಿನ ಬಟ್ಟೆಯ ಬ್ಯಾಡ್ಜ್‌ಗಳಿವೆ: ಎಂಜಿನ್ ಕೋಣೆಯವರದ್ದು ಹಲ್ಲುಚಕ್ರ, ರೇಡಿಯೋದವರದ್ದು ಮಿಂಚು, ಸಿಗ್ನಲ್‌ನವರದ್ದು ಅಡ್ಡಡ್ಡ ಇಟ್ಟ ಎರಡು ಬಾವುಟ. ಇವನ್ನು ಕತ್ತಲಲ್ಲಿ ನೇರಳಾತೀತ ಟಾರ್ಚ್ ಕೆಳಗೆ ಹಿಡಿಯಿರಿ. ಹೊಸ ಕಾಲದ ದಾರ ಬೆಳ್ಳಗೆ ಮಿನುಗುವುದುಂಟು. ಮಿನುಗಲಿಲ್ಲ ಎಂದ ಮಾತ್ರಕ್ಕೆ ಹಳೆಯದು ಎಂದುಕೊಳ್ಳಬೇಡಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಡೆಸ್ಟ್ರಾಯರ್ ಬ್ಯಾಡ್ಜ್. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ನಾರ್ವಿಕ್ ಬಂದರಿಗೆ ಹತ್ತು ಡೆಸ್ಟ್ರಾಯರ್‌ಗಳನ್ನು, ಅಂದರೆ ವೇಗದ ಯುದ್ಧ ಹಡಗುಗಳನ್ನು, ಕಳಿಸಿತು. ಅವುಗಳ ದಳಪತಿ ಫ್ರೀಡ್ರಿಷ್ ಬೊಂಟೆ ಏಪ್ರಿಲ್ 10ರ ಬೆಳಗಿನ ಬ್ರಿಟಿಷ್ ದಾಳಿಯಲ್ಲಿ ತನ್ನ ಹಡಗು ವಿಲ್‌ಹೆಲ್ಮ್ ಹೈಡ್‌ಕಾಂಪ್ ಮೇಲೆಯೇ ಸತ್ತ. ಏಪ್ರಿಲ್ 13ರ ಎರಡನೇ ಕಾಳಗ ಮುಗಿಯುವ ಹೊತ್ತಿಗೆ ಹತ್ತು ಹಡಗುಗಳಲ್ಲಿ ಒಂದೂ ಉಳಿಯಲಿಲ್ಲ. ಬದುಕುಳಿದ ನಾವಿಕರು ದಡ ಹತ್ತಿ ಬೆಟ್ಟದ ಸೈನಿಕರ ಜೊತೆ ಸೇರಿ ಕಾದಾಡಿದರು. ಜೂನ್ 4ರಂದು ಈ ಬ್ಯಾಡ್ಜ್ ಜಾರಿಗೆ ಬಂತು. ಅದರ ಮೇಲೆ ಹಾರ ಸೀಳಿಕೊಂಡು ಬರುವ ಹಡಗು ಆ ಹೈಡ್‌ಕಾಂಪೇ. ಸೋತು ಮುಳುಗಿದ ಹಡಗನ್ನೇ ಗೌರವದ ಚಿಹ್ನೆ ಮಾಡಿದರು ನೋಡಿ. ಇಂಥ ಕತೆ ಗೊತ್ತಿದ್ದರೆ ಮಾತ್ರ ಬ್ಯಾಡ್ಜ್‌ಗೆ ಅರ್ಥ.

ಕತೆಯ ಇನ್ನೊಂದು ಮುಖವನ್ನೂ ಓದಬೇಕು. ಆಕ್ಸಿಲಿಯರಿ ಕ್ರೂಸರ್ ಬ್ಯಾಡ್ಜ್ ಮೇಲೆ ಭೂಗೋಳದ ಮೇಲೆ ತೇಲುವ ವೈಕಿಂಗ್ ಹಡಗು ಇದೆ, ತುಂಬಾ ಚೆಂದ. ಅದನ್ನು ಕೊಟ್ಟದ್ದು ಸರಕು ಹಡಗಿನ ವೇಷ ಹಾಕಿ ಬೇರೆ ದೇಶಗಳ ಹಡಗುಗಳನ್ನು ಹಿಡಿಯುತ್ತಿದ್ದವರಿಗೆ. ಅಂಥದ್ದೊಂದು ಹಡಗು ಪಿಂಗ್ವಿನ್. 1941ರ ಮೇ 8ರಂದು ಹಿಂದೂ ಮಹಾಸಾಗರದಲ್ಲಿ ಬ್ರಿಟನ್ನಿನ ಯುದ್ಧ ಹಡಗು ಕಾರ್ನ್‌ವಾಲ್ ಅದನ್ನು ಮುಳುಗಿಸಿತು. ಒಳಗೆ ಸೆರೆಯಲ್ಲಿದ್ದವರಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಭಾರತೀಯ ಖಲಾಸಿಗಳು. ಅವರಿಗೆ ಯಾವ ಬ್ಯಾಡ್ಜೂ ಇಲ್ಲ. ನನ್ನ ಪ್ರಕಾರ ಈ ಬ್ಯಾಡ್ಜ್ ಇಟ್ಟುಕೊಳ್ಳುವವರು ಆ ವಿಷಯವನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಬೇಕು.

ಸುಭಾಷ್ ಚಂದ್ರ ಬೋಸರು 1943ರ ಫೆಬ್ರವರಿಯಲ್ಲಿ ಕೀಲ್‌ನಿಂದ ಹೊರಟ ಯು-180ರ ನಾವಿಕನ ಬ್ಯಾಡ್ಜ್ ಎಂದು ಯಾರಾದರೂ ಹೇಳಿದರೆ ಭಾರತೀಯರಾದ ನಾವು ಕರಗಿಬಿಡುತ್ತೇವೆ, ಅಲ್ವಾ? ಬ್ಯಾಡ್ಜ್ ಮೇಲೆ ಹಡಗಿನ ಹೆಸರು ಇರುವುದಿಲ್ಲ. ನಾವಿಕನ ಹೆಸರು, ದರ್ಜೆ, ತಾರೀಕು, ಸಹಿ ಇರುವ ಪ್ರಶಸ್ತಿ ಪತ್ರ ತೋರಿಸಲಿ. ಪತ್ರ ಇಲ್ಲದಿದ್ದರೆ ಕತೆಗೆ ಒಂದು ರೂಪಾಯಿಯೂ ಕೊಡಬೇಡಿ.

ಈ ಬ್ಯಾಡ್ಜ್‌ಗಳ ಮೇಲಿರುವ ಸ್ವಸ್ತಿಕದ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಇದು ನಮ್ಮ ಹೊಸ್ತಿಲ ಸ್ವಸ್ತಿಕ ಅಲ್ಲ, ಲಕ್ಷಾಂತರ ಯಹೂದಿಗಳನ್ನು ಕೊಂದ ಸರ್ಕಾರದ ಗುರುತು. ಅಂಗಿಗೆ ಚುಚ್ಚಿಕೊಂಡು ಸೆಲ್ಫಿ ಹಾಕುವುದಕ್ಕಲ್ಲ. ಜರ್ಮನಿಯಲ್ಲಿ ಸುಮ್ನೆ ಸಾರ್ವಜನಿಕವಾಗಿ ಪ್ರದರ್ಶಿಸಿದರೆ ಅಪರಾಧ. ಆಸ್ಟ್ರೇಲಿಯಾದಲ್ಲಿ 2024ರಿಂದ ನಾಜಿ ಚಿಹ್ನೆಗಳ ವ್ಯಾಪಾರವೇ ನಿಷಿದ್ಧ. ಮನಸ್ಸಿಗೆ ಕಸಿವಿಸಿ ಆಗುವುದಾದರೆ ಬೇರೆ ಎರಡು ದಾರಿ ಇವೆ. ಒಂದು, ಮೊದಲನೇ ಮಹಾಯುದ್ಧದ 1918ರ ಯು-ಬೋಟ್ ಬ್ಯಾಡ್ಜ್. ಅದರಲ್ಲಿ ಹದ್ದಿನ ಬದಲು ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಕಿರೀಟ ಇದೆ, ಬೆಲೆ ಮಾತ್ರ ಜಾಸ್ತಿ. ಇನ್ನೊಂದು, 1957ರ ಕಾನೂನಿನ ಪ್ರಕಾರ ಪಶ್ಚಿಮ ಜರ್ಮನಿಯ ಮಾಜಿ ಸೈನಿಕರಿಗಾಗಿ ಸ್ವಸ್ತಿಕ ತೆಗೆದು ಮಾಡಿದವು. ಯುದ್ಧಕಾಲದವಲ್ಲ, ಆದರೆ ಪ್ರಾಮಾಣಿಕ ವಸ್ತುಗಳು.

ಕೊಂಡ ಮೇಲೆ ಉಜ್ಜಬೇಡಿ. ಹುಣಸೆಹಣ್ಣು, ಪಾಲಿಷ್ ಯಾವುದೂ ಬೇಡ, ಲೇಪ ಒಂದು ಸಲ ಹೋದರೆ ಹೋಯಿತು. ಮಂಗಳೂರು, ಕಾರವಾರದ ಕಡೆಯವರಾದರೆ ಮಳೆಗಾಲದಲ್ಲಿ ಇನ್ನೂ ಹುಷಾರು: ತೇವಕ್ಕೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಪಿವಿಸಿ ಕವರ್‌ನಲ್ಲಿಡದೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಿಂಬದಿಯ ಫೋಟೋ ಬಂದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.