ಸಿನಿಮಾದಿಂದ ಹುಟ್ಟಿದ ವಿಜ್ಞಾನ ಕಾದಂಬರಿಯನ್ನು ಓದಬೇಕೇ?

ಸಿನಿಮಾ ನೋಡಿಯಾದ ಮೇಲೆ, ಅದರ ಚಿತ್ರಕಥೆಯನ್ನೇ ಆಧರಿಸಿದ ಕಾದಂಬರಿಯನ್ನು ಓದುವುದರಲ್ಲಿ ಹೊಸದೇನು ಸಿಗುತ್ತದೆ ಎಂದು ಕೇಳಿದ್ದೀರಿ. ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಆದರೆ ಚಿತ್ರಕಥೆಯನ್ನು ಕಣ್ಣುಮುಚ್ಚಿ ನಂಬದ ಲೇಖಕರ ಕೈಗೆ ಆ ಕೆಲಸ ಬಿದ್ದಿದ್ದರೆ ಖಂಡಿತ ಓದಬೇಕು. ಐಸಾಕ್ ಅಸಿಮೋವ್ ಅವರ ‘ಫೆಂಟಾಸ್ಟಿಕ್ ವಾಯೇಜ್’ ಅಂಥದ್ದು.

1966ರಲ್ಲಿ ರಿಚರ್ಡ್ ಫ್ಲೈಷರ್ ನಿರ್ದೇಶಿಸಿದ ಈ ಸಿನಿಮಾದಲ್ಲಿ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಜ್ಞೆ ತಪ್ಪಿರುವ ವಿಜ್ಞಾನಿಯೊಬ್ಬನನ್ನು ಉಳಿಸಲು ಐವರನ್ನು ‘ಪ್ರೋಟಿಯಸ್’ ಎಂಬ ಜಲಾಂತರ್ಗಾಮಿಯ ಸಮೇತ ಸೂಕ್ಷ್ಮಗಾತ್ರಕ್ಕೆ ಕುಗ್ಗಿಸಿ ಅವನ ರಕ್ತನಾಳದೊಳಕ್ಕೆ ಕಳಿಸುತ್ತಾರೆ. 60 ನಿಮಿಷ ಕಳೆದರೆ ಎಲ್ಲವೂ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಕೊನೆಗೆ ನೌಕೆಯನ್ನೂ ಒಳಗಿದ್ದ ಒಬ್ಬನನ್ನೂ ಬಿಳಿ ರಕ್ತಕಣ ನುಂಗಿಬಿಡುತ್ತದೆ. ಉಳಿದ ನಾಲ್ವರು ಕಣ್ಣಿನ ನರದ ಜಾಡು ಹಿಡಿದು ಕಣ್ಣೀರಿನ ಹನಿಯಲ್ಲಿ ಹೊರಬರುತ್ತಾರೆ. ಹಾಗಾದರೆ ಒಳಗೇ ಉಳಿದ ನೌಕೆಯ ಗತಿ? ರಕ್ತಕಣ ಅದನ್ನು ಅರಗಿಸಿಕೊಂಡಿತೆಂದರೂ ಅದರ ಪರಮಾಣುಗಳು ಎಲ್ಲಿಗೂ ಹೋಗಲಿಲ್ಲವಲ್ಲ. ಗಡುವು ಮುಗಿದೊಡನೆ ಅವು ಹಿಗ್ಗಿ, ಅಷ್ಟು ಕಷ್ಟಪಟ್ಟು ಉಳಿಸಿದ ರೋಗಿಯನ್ನೇ ಸೀಳಿಹಾಕಬೇಕಿತ್ತು.

ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ್ದ ಅಸಿಮೋವ್‌ಗೆ ಇದು ಕಣ್ಣಿಗೆ ಬೀಳದಿರಲು ಸಾಧ್ಯವೇ? ತಮಗೆ ಸರಿಕಂಡಂತೆ ಬರೆಯಲು ಅವರು ಒಪ್ಪಿಗೆ ಪಡೆದರು. ಕಾದಂಬರಿಯಲ್ಲಿ ಆ ನಾಲ್ವರು ನೌಕೆಯನ್ನು ನುಂಗಿದ ರಕ್ತಕಣವನ್ನು ಕೆಣಕಿ, ಅದು ತಮ್ಮ ಬೆನ್ನಟ್ಟಿ ಬರುವಂತೆ ಮಾಡಿ ಕಣ್ಣಿನವರೆಗೂ ಎಳೆದು ತರುತ್ತಾರೆ. ಅವಶೇಷಗಳು ಹಿಗ್ಗುವುದು ದೇಹದ ಹೊರಗೆ. ನೌಕೆಯವರು ರೋಗಿಯ ಶ್ವಾಸಕೋಶದಿಂದ ಗಾಳಿ ತುಂಬಿಕೊಳ್ಳುವ ದೃಶ್ಯಕ್ಕೂ ಇಂಥದೇ ದುರಸ್ತಿಯಾಗಿದೆ. ಕುಗ್ಗಿದ ಮನುಷ್ಯನಿಗೆ ಮಾಮೂಲಿ ಗಾಳಿಯ ಅಣುಗಳು ಉಸಿರಾಡಲಾಗದಷ್ಟು ದೊಡ್ಡವಾಗಿರುವುದರಿಂದ, ಮೊದಲು ಆ ಗಾಳಿಯನ್ನೂ ಕುಗ್ಗಿಸಬೇಕಾಗುತ್ತದೆ.

ಪಾತ್ರಗಳ ವಿಷಯಕ್ಕೆ ಬಂದರೆ ಪುಸ್ತಕ ಸಿನಿಮಾಕ್ಕಿಂತ ಮೇಲೇನಲ್ಲ. ನೌಕೆಯಲ್ಲಿದ್ದ ಗ್ರಾಂಟ್ ಮತ್ತು ಕೋರಾರ ಸರಸದ ಮಾತುಗಳನ್ನು ನಾನಂತೂ ಹಾರಿಸಿಯೇ ಓದಿದೆ. ಪುಸ್ತಕವೇ ಮೊದಲು ಮಾರುಕಟ್ಟೆಗೆ ಬಂದದ್ದರಿಂದ, ಸಿನಿಮಾವನ್ನು ಅದರಿಂದ ತೆಗೆದರೆಂದು ಇಂದಿಗೂ ಹಲವರು ತಿಳಿದಿದ್ದಾರೆ. ಆರ್ಥರ್ ಸಿ. ಕ್ಲಾರ್ಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ, ಏಕೆಂದರೆ ಅಲ್ಲಿ ಚಿತ್ರಕಥೆ ಮತ್ತು ಕಾದಂಬರಿ ಜೊತೆಜೊತೆಯಾಗಿಯೇ ಬೆಳೆದವು.

ಆದರೂ ಕುಗ್ಗಿಸುವ ತಂತ್ರವೆಂಬ ಮೂಲ ಕಲ್ಪನೆ ಎರವಲಿನದಾದ್ದರಿಂದ ಅದನ್ನು ಅಸಿಮೋವ್ ಬದಲಿಸುವಂತಿರಲಿಲ್ಲ. 1987ರಲ್ಲಿ ಅದೇ ವಸ್ತುವನ್ನು ಸ್ವತಂತ್ರವಾಗಿ ಕೈಗೆತ್ತಿಕೊಂಡು, ಪರಮಾಣು ಮಟ್ಟದ ಅಳತೆಗಳನ್ನು ನಿರ್ಧರಿಸುವ, ಪ್ರಕೃತಿಯ ಬದಲಾಗದ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನೇ ತಗ್ಗಿಸಿ ವಸ್ತುಗಳನ್ನು ಕುಗ್ಗಿಸುವ ಸೋವಿಯತ್ ವಿಜ್ಞಾನಿಗಳ ಕಥೆಯನ್ನು ಬರೆದರು. ನಿಮಗೆ ಒಂದೇ ಪುಸ್ತಕಕ್ಕೆ ಬಿಡುವಿದ್ದರೆ 1966ರದ್ದನ್ನೇ ಆರಿಸಿಕೊಳ್ಳಿ, ಸಿನಿಮಾ ನೆನಪಿನಲ್ಲಿ ಹಸಿಯಾಗಿರುವಾಗಲೇ.